ಬಾಯಿಗೆ ಬೀಳದ ನೀರು

ನನ್ನ ಯಜಮಾನರು ಸರ್ಕಾರಿ ಫ್ಯಾಕ್ಟರಿಯಲ್ಲಿದ್ದಾಗ ಚಿಕ್ಕಬಾಣಾವರದಲ್ಲಿ ಮನೆ ಕಟ್ಟಿಸಿ, ಹಿತ್ತಲಲ್ಲಿ ಉಳಿದ ಜಾಗದಲ್ಲಿ ಎರಡು ರೂಮು ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದೆವು. ಅದರಲ್ಲೊಂದಕ್ಕೆ ಬಿಹಾರದ ಗಂಡ ಹೆಂಡತಿ ಬಂದು ಸೇರಿದರು. ಗಂಡ ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಮೇಲೆ ಶಿಫ್ಟ್ ದುಡಿಯುತ್ತಿದ್ದ. ಅವನಿಗೆ ಹರಕುಮುರುಕು ಕನ್ನಡ ಬರುತ್ತಿತ್ತು. ಅವಳಿಗೆ ಅದೂ ಇಲ್ಲ. ನನ್ನ ಹಿಂದಿಯೋ, ಪೂರ್ತಿ ಟೀವಿ ಧಾರಾವಾಹಿಗಳಿಂದ ಬಂದದ್ದು. ಸೊಸೆಯನ್ನು ಹಂಗಿಸಲು, ಆಸ್ತಿಗೆ ಜಗಳವಾಡಲು ಸಾಕು. ಹಿತ್ತಲಲ್ಲಿ ನಿಂತು ಸೊಪ್ಪಿನ ರೇಟು ಮಾತಾಡಲು ಸಾಲದು. ಅದೂ ಅಲ್ಲದೆ ಅವಳು ಆಡುತ್ತಿದ್ದುದು ಟೀವಿಯ ಹಿಂದಿಯೂ ಅಲ್ಲ. ಹೀಗಾಗಿ ಎದುರಾದಾಗೆಲ್ಲ ನಾವಿಬ್ಬರೂ ಸುಮ್ಮನೆ ನಕ್ಕು ಮುಂದೆ ಹೋಗುತ್ತಿದ್ದೆವು. ಅವಳು ಬಸುರಿ ಎಂಬುದು ಮಾತ್ರ ಯಾರೂ ಹೇಳದೆಯೇ ಕಾಣುತ್ತಿತ್ತು.

ಪಿತೃಪಕ್ಷದ ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ಕೊಡ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಕೊಡದ ಪಕ್ಕದಲ್ಲೇ ಅವಳೂ ಬಿದ್ದಿದ್ದಾಳೆ. ಮುಖಕ್ಕೆ ನೀರು ಚಿಮುಕಿಸಿದೆ. ಕಣ್ಣು ಬಿಟ್ಟ ಮೇಲೆ ಒಂದು ಲೋಟ ನೀರು ತಂದು ಬಾಯಿಗೆ ಹಿಡಿದರೆ ಕೈಯಿಂದ ತಳ್ಳಿದಳು. ಮತ್ತೆ ಹಿಡಿದೆ, ಮತ್ತೆ ತಳ್ಳಿದಳು. ತುಟಿಗೆ ತಾಗಿದ ಹನಿಯನ್ನೂ ಸೆರಗಿನಿಂದ ಒರೆಸಿಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ರೂಮು ಆಗುತ್ತದೆ, ನಮ್ಮ ಲೋಟ ಆಗುವುದಿಲ್ಲವೇ ಎಂದುಕೊಂಡೆ. ಅದೇ ಸಿಟ್ಟಿನಲ್ಲಿ ರಟ್ಟೆ ಹಿಡಿದು ಎಬ್ಬಿಸಿ, ಆಟೋ ಹತ್ತಿಸಿ, ರೈಲ್ವೆ ಸ್ಟೇಷನ್ ರಸ್ತೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ.

ಅಲ್ಲಿನ ಡಾಕ್ಟರು ವಯಸ್ಸಾದವರು. ಮಾತು ಒರಟು, ಕೈಗುಣ ಒಳ್ಳೆಯದು. ಅವಳನ್ನು ಮಂಚದ ಮೇಲೆ ಮಲಗಿಸಿ ನಾಡಿ ಹಿಡಿದರು, ನಾಲಿಗೆ ನೋಡಿದರು.

"ನಾಲ್ಗೆ ಒಣಗಿ ಹೋಗಿದೆ ಕಣಮ್ಮ. ನಿನ್ನೆಯಿಂದ ಏನಾದ್ರೂ ಕುಡಿದಿದ್ದಾಳಾ ಕೇಳು."

"ನಂಗೆ ಇವಳ ಭಾಷೆ ಬರಲ್ಲ ಸಾರ್."

"ಮತ್ಯಾಕಮ್ಮ ಜೊತೆಗೆ ಬಂದೆ?"

"ನಾನು ಬರ್ದೇ ಇದ್ರೆ ಇವಳನ್ನ ಯಾರು ಕರ್ಕೊಂಡು ಬರ್ತಿದ್ರು?"

ನಾನು ಅವಳ ಗಂಡನಿಗೆ ಫೋನು ಮಾಡಿದೆ. ಕೆಲಸಕ್ಕೆ ಹೋಗುವಾಗ ಮೊಬೈಲನ್ನು ಗೇಟಿನಲ್ಲೇ ಕೊಡಬೇಕಂತೆ. ರಿಂಗಾಗಿ ರಿಂಗಾಗಿ ನಿಂತಿತು. ಡಾಕ್ಟರು ಓಆರ್‌ಎಸ್ ಪುಡಿ ಕಲಸಿ ತಂದರು. ಅವಳು ಗೋಡೆಯ ಕಡೆ ತಿರುಗಿಕೊಂಡಳು. ಗ್ಲೂಕೋಸ್ ಹಾಕೋಣವೆಂದು ಬಾಟಲಿ ತೂಗುಹಾಕಿದರೆ, ಅದರೊಳಗಿನ ನೀರನ್ನು ಕಂಡು ಎದ್ದು ಕುಳಿತು ಕೈಯನ್ನು ಸೆರಗಿನೊಳಗೆ ಅಡಗಿಸಿದಳು.

"ಹಿಂಗೇ ಬಿಟ್ರೆ ಹೊಟ್ಟೇಲಿರೋ ಮಗುಗೆ ತೊಂದ್ರೆ ಆಗುತ್ತೆ," ಎಂದರು ಡಾಕ್ಟರು. "ಹೆಂಗಾದ್ರೂ ಮಾಡಿ ಹೇಳಮ್ಮ ಇವಳಿಗೆ."

ಆಗ ಅವಳೇ ಕತ್ತಿನಲ್ಲಿದ್ದ ಕೆಂಪು ಹಳದಿ ದಾರವನ್ನು ಹೊರಗೆಳೆದು ನನಗೆ ತೋರಿಸಿದಳು. ಹೊಸ ದಾರ, ಬಣ್ಣ ಇನ್ನೂ ಮಾಸಿರಲಿಲ್ಲ. "ಉಪಾಸ್, ದೀದಿ. ಬೇಟಾ ಖಾತಿರ್," ಎಂದಳು. ಮಗನಿಗಾಗಿ ಉಪವಾಸ. ಹೊಟ್ಟೆ ಮುಟ್ಟಿ, ಇದಲ್ಲ ಎಂಬಂತೆ ತಲೆಯಾಡಿಸಿದಳು. ಭೀಮನ ಅಮಾವಾಸ್ಯೆಗೆ ಕೈಗೆ ದಾರ ಕಟ್ಟಿಕೊಳ್ಳುವ ನನಗೆ ಇನ್ನೇನೂ ಬಿಡಿಸಿ ಹೇಳಬೇಕಿರಲಿಲ್ಲ. ನಮ್ಮ ವ್ರತಕ್ಕೆ ಕಡುಬಾದರೂ ಉಂಟು. ಇವಳದ್ದು ಹನಿ ನೀರೂ ಇಲ್ಲದ ವ್ರತ. ಲೋಟದ ಮೇಲಿನ ಸಿಟ್ಟು ಜರ್ರನೆ ಇಳಿಯಿತು. ಇವಳಿಗೊಬ್ಬ ಮಗನಿರುವುದು ನನಗೆ ಅಲ್ಲಿಯವರೆಗೂ ಗೊತ್ತೇ ಇರಲಿಲ್ಲ.

"ಸಾರ್, ಗ್ಲೂಕೋಸ್ ಹೊಟ್ಟೆಗೆ ಹೋಗುತ್ತಾ?"

"ರಕ್ತಕ್ಕೆ ಹೋಗುತ್ತೆ. ಬಾಯಿಗೂ ಅದಕ್ಕೂ ಸಂಬಂಧ ಇಲ್ಲ."

ನಾನು ಎರಡು ಬೆರಳಿನಿಂದ ನನ್ನ ತುಟಿಗಳನ್ನು ಹಿಡಿದು ಮುಚ್ಚಿದೆ. ಬಾಟಲಿ ತೋರಿಸಿದೆ, ನಳಿಕೆ ತೋರಿಸಿದೆ, ತೋಳು ತೋರಿಸಿದೆ. ಡಾಕ್ಟರು ನನ್ನನ್ನೇ ರೋಗಿಯೆಂಬಂತೆ ನೋಡುತ್ತಿದ್ದರು. ಅವಳು ಬಹಳ ಹೊತ್ತು ಬಾಟಲಿಯನ್ನು ನೋಡಿ ಮೆಲ್ಲಗೆ ಕೇಳಿದಳು: "ಪಾಪ್ ನಾ ಲಾಗೀ?"

ಪಾಪ ಎನ್ನುವುದನ್ನು ಯಾರೂ ಅನುವಾದ ಮಾಡಿಕೊಡಬೇಕಾಗಿಲ್ಲ. ಅವಳ ಭಯ ನನಗೆ ಅರ್ಥವಾಯಿತು. ವ್ರತ ಕೆಟ್ಟರೆ ಅದು ತಟ್ಟುವುದು ಅವಳಿಗಲ್ಲ, ಮಗನಿಗೆ. ಹೊಟ್ಟೆಯಲ್ಲಿರುವ ಮಗುವಿಗೆ ಇವಳು ನೀರು ಕುಡಿಯಬೇಕು, ಹುಟ್ಟಿರುವ ಮಗುವಿಗೆ ಇವಳು ಕುಡಿಯಬಾರದು. ಎರಡೂ ಅವಳವೇ.

ನಾನು ಎದೆ ಮುಟ್ಟಿಕೊಂಡು, "ಪಾಪ್ ಮುಝೆ. ತುಮ್‌ಕೋ ನಹೀಂ," ಎಂದುಬಿಟ್ಟೆ. ಪಾಪ ಬಂದರೆ ನನಗಿರಲಿ ಎಂದು. ಯಾವ ಅಧಿಕಾರದಿಂದ ಹೇಳಿದೆನೋ ಗೊತ್ತಿಲ್ಲ. ಹೇಳಿದ ಮರುಕ್ಷಣ ನನಗೂ ಒಬ್ಬ ಮಗನಿದ್ದಾನೆ ಎಂಬುದು ನೆನಪಾಯಿತು. ಅವನು ಆಗ ಶಾಲೆಯಲ್ಲಿದ್ದ, ಸಂಜೆ ರೈಲು ಹಳಿ ದಾಟಿಕೊಂಡು ಮನೆಗೆ ಬರಬೇಕಿತ್ತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳೋಣ ಎನಿಸಿತು. ಅಷ್ಟರಲ್ಲಿ ಅವಳು ತುಟಿ ಬಿಗಿಯಾಗಿ ಮುಚ್ಚಿಕೊಂಡು, ಸೆರಗಿನಿಂದ ಕೈ ತೆಗೆದು ಡಾಕ್ಟರ ಮುಂದೆ ಚಾಚಿದಳು.

ಬಾಟಲಿ ಮುಗಿಯುವವರೆಗೂ ಅವಳು ಬಾಯಿ ತೆರೆಯಲಿಲ್ಲ. ಡಾಕ್ಟರು ಮತ್ತೆ ನಾಡಿ ನೋಡಿ, ಇನ್ನು ಭಯವಿಲ್ಲ ಎಂದು ಸೂಜಿ ತೆಗೆದರು. ಹೊರಡುವ ಮುಂಚೆ ನಾನು, "ಬೇಟಾ ಕಹಾಂ?" ಎಂದು ಕೇಳಿದೆ.

"ಗಾಂವ್," ಎಂದಳು. ಊರಿನಲ್ಲಿ.

ಆಮೇಲೆ ಮಂಚದಿಂದಿಳಿದು ನಿಂತು, ತೊಡೆಯ ಮಟ್ಟಕ್ಕೆ ಅಂಗೈ ಚಾಚಿ, ಇಷ್ಟು ಎತ್ತರ ಎಂದು ತೋರಿಸಿದಳು. ಬಿಟ್ಟು ಬರುವಾಗ ಅಷ್ಟಿದ್ದನೇನೋ. ಸ್ವಲ್ಪ ಹೊತ್ತು ತನ್ನ ಕೈಯನ್ನೇ ನೋಡುತ್ತ ನಿಂತಿದ್ದವಳು, ಅದನ್ನು ಇನ್ನೊಂದು ಗೇಣು ಮೇಲಕ್ಕೆ ಎತ್ತಿದಳು.