ಏನೂ ಕಾಣಲಿಲ್ಲ ಎಂಬ ಸಾಕ್ಷಿ

ಮೊದಲು ಎಡಗೈಯ ಬೆರಳುಗಳು ತಣ್ಣಗಾದವು. ಟಿಕೆಟ್ ಮಷಿನ್ ಹಿಡಿದಿದ್ದ ಕೈ. ಬಸ್ಸು ಕಮಲಾಪುರ ದಾಟಿ ಕಂಪ್ಲಿಯ ಕಡೆ ಹೊರಟಿತ್ತು. ಬಾಳೆಗೊನೆಯನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದ ಹೆಂಗಸಿಗೆ ಲಗೇಜ್ ಟಿಕೆಟ್ ಕೊಡಬೇಕೆಂದು ಬಾಯಿ ತೆರೆದೆ. ಮಾತು ಬರಲಿಲ್ಲ. ಕಿಟಕಿಯಾಚೆಯ ಕಬ್ಬಿನ ಗದ್ದೆ ಒಮ್ಮೆಲೇ ಬೆಳ್ಳಗಾಯಿತು.

ಅಲ್ಲಿಗೆ ನನ್ನ ನೆನಪು ಮುಗಿಯುತ್ತದೆ.

ಹೊಸಪೇಟೆ ಡಿಪೋದಲ್ಲಿ ನಾನು ಕಂಡಕ್ಟರ್. ಮದುವೆಗೆ ಮುಂಚಿನಿಂದಲೂ ಅದೇ ಕೆಲಸ. ಬೀಳುವ ಮೊದಲು ಕೆಲವು ವಾರಗಳಿಂದ ಮೆಟ್ಟಿಲು ಹತ್ತುವಾಗ ಎದೆಯೊಳಗೆ ಏನೋ ಪಟಪಟ ಎನ್ನುತ್ತಿತ್ತು. ಗ್ಯಾಸ್ ಅಂದುಕೊಂಡೆ. ಜೀರಿಗೆ ನೀರು ಕುಡಿದೆ. ಡಾಕ್ಟರಿಗೆ ತೋರಿಸು ಎಂದು ನನ್ನ ಗಂಡ ಸ್ಯಾಮುಯೆಲ್ ಎರಡು ಮೂರು ಸಲ ಹೇಳಿದ್ದರು. ಕ್ರಿಸ್‌ಮಸ್ ಮುಗೀಲಿ ಅಂದಿದ್ದೆ. ಕ್ರಿಸ್‌ಮಸ್ ಮುಗಿಯಿತು. ನಾನು ಹೋಗಲಿಲ್ಲ.

ಮುಂದೆ ನಡೆದದ್ದನ್ನು ಬೇರೆಯವರ ಬಾಯಿಂದ ಕೇಳಿದ್ದೇನೆ. ಡ್ರೈವರ್ ಹನುಮಂತಣ್ಣ ಕನ್ನಡಿಯಲ್ಲಿ ನೋಡಿ ಬಸ್ಸು ನಿಲ್ಲಿಸಿ ಹಿಂದೆ ಓಡಿ ಬಂದರಂತೆ. ನನ್ನ ನಾಡಿ ಸಿಗಲಿಲ್ಲ. ಡಿಪೋದಲ್ಲಿ ಒಮ್ಮೆ ಎಲ್ಲರಿಗೂ ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟಿದ್ದರು. ಅದನ್ನು ನೆನಪು ಮಾಡಿಕೊಂಡು ಬಸ್ಸಿನ ನೆಲದ ಮೇಲೆ ಮೊಣಕಾಲೂರಿ ನನ್ನ ಎದೆ ಒತ್ತತೊಡಗಿದರು. ಆಂಬುಲೆನ್ಸಿಗೆ ಕಾಯಲು ಹೊತ್ತಿರಲಿಲ್ಲ. ಯಶವಂತನಗರದಲ್ಲಿ ಅದಿರಿನ ಲಾರಿ ಓಡಿಸುವವನೊಬ್ಬ ಪ್ರಯಾಣಿಕರ ನಡುವೆ ಇದ್ದ. ಅವನು ಸ್ಟೇರಿಂಗ್ ಹಿಡಿದು ಬಸ್ಸನ್ನು ಕಮಲಾಪುರಕ್ಕೆ ತಿರುಗಿಸಿದ. ದಾರಿಯುದ್ದಕ್ಕೂ ಹನುಮಂತಣ್ಣ ಕೈ ತೆಗೆಯಲಿಲ್ಲ. ಕಮಲಾಪುರದಿಂದ ಆಂಬುಲೆನ್ಸಿನಲ್ಲಿ ಹೊಸಪೇಟೆ. ಅಲ್ಲಿ ಶಾಕ್ ಕೊಟ್ಟರು. ಮೊದಲ ಶಾಕಿಗೆ ಹೃದಯ ಏಳಲಿಲ್ಲ. ಆಮೇಲೆ ಎದ್ದಿತು.

ಐಸಿಯುನಲ್ಲಿ ಕಣ್ಣು ಬಿಟ್ಟಾಗ ಗಂಟಲಲ್ಲಿ ಪೈಪು ಇತ್ತು. ಕೈ ಕಟ್ಟಿದ್ದರು. ಉಸಿರನ್ನು ನಾನು ಎಳೆಯುತ್ತಿರಲಿಲ್ಲ, ಯಂತ್ರ ಎಳೆಯುತ್ತಿತ್ತು. ಸತ್ತವರನ್ನು ಹೀಗೇ ಕಟ್ಟುತ್ತಾರೇನೋ ಅನ್ನಿಸಿತು. ಕೂಗಬೇಕೆಂದರೆ ದನಿ ಇಲ್ಲ.

ಪೈಪು ತೆಗೆದ ಮೇಲೆ ಡಾಕ್ಟರ್ ಬಂದು ಕೂತು ವಿವರಿಸಿದರು.

"ಇದು ಹಾರ್ಟ್ ಅಟ್ಯಾಕ್ ಅಲ್ಲಮ್ಮ. ಕಾರ್ಡಿಯಾಕ್ ಅರೆಸ್ಟ್. ಹೃದಯದ ಒಳಗಿನ ಕರೆಂಟ್ ಹದ ತಪ್ಪಿ ಬಡಿತವೇ ನಿಂತಿತ್ತು."

"ನಿಂತಿತ್ತು ಅಂದ್ರ?"

"ನೀವು ಹೋಗಿದ್ರಿ. ವಾಪಸ್ ಬಂದೀರಿ."

ಎಷ್ಟು ಹೊತ್ತು ಹೋಗಿದ್ದೆ ಎಂದು ಕೇಳಲು ಧೈರ್ಯವಾಗಲಿಲ್ಲ.

ಬಳ್ಳಾರಿಗೆ ಕರೆದೊಯ್ದು ಎಡಗಡೆ ಭುಜದ ಕೆಳಗೆ, ಚರ್ಮದ ಒಳಗೆ ಒಂದು ಡಿವೈಸ್ ಇಟ್ಟರು. ಬೆಂಕಿಪೊಟ್ಟಣದಷ್ಟು ಉಬ್ಬು. ಬಡಿತ ಮತ್ತೆ ಹದ ತಪ್ಪಿದರೆ ಅದೇ ಒಳಗಿನಿಂದ ಶಾಕ್ ಕೊಡುತ್ತದೆ. ಹನುಮಂತಣ್ಣ ಒತ್ತಿದ ರಭಸಕ್ಕೆ ಪಕ್ಕೆಲುಬುಗಳು ಮುರಿದಿದ್ದವು. ಕೆಮ್ಮಿದರೆ ಪ್ರಾಣ ಹೋಗುವಂಥ ನೋವು. ಆ ನೋವು ಮಾತ್ರ ನನಗೆ ಅರ್ಥವಾಗುತ್ತಿತ್ತು. ಉಳಿದ ಯಾವುದೂ ಅರ್ಥವಾಗುತ್ತಿರಲಿಲ್ಲ.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿರುವ ನಮ್ಮ ಮನೆಗೆ ಡಿಸ್ಚಾರ್ಜ್ ಆಗಿ ಬಂದಾಗ ಚರ್ಚಿನವರು ಬಾಗಿಲಲ್ಲೇ ಹಾಡು ಹೇಳಿದರು. ಒಬ್ಬರಾದ ಮೇಲೆ ಒಬ್ಬರು ಬಂದು ಕೈ ಮುಟ್ಟಿ ನೋಡಿದರು. ಸತ್ತು ಎದ್ದವಳು. ದೇವರು ಕಳಿಸಿಕೊಟ್ಟವಳು. ಹಣ್ಣು ಕೊಟ್ಟು, ಪ್ರಾರ್ಥನೆ ಮಾಡಿ, ಏಳುವ ಮೊದಲು ಎಲ್ಲರೂ ದನಿ ತಗ್ಗಿಸಿ ಅದೊಂದೇ ಮಾತು ಕೇಳುತ್ತಿದ್ದರು.

"ಅಲ್ಲಿ ಏನು ಕಂಡ್ರಿ ಕರುಣಮ್ಮ?"

ನಾನು ಪಕ್ಕೆ ಹಿಡಿದುಕೊಂಡು ನೋವು ಎನ್ನುತ್ತಿದ್ದೆ. ಅವರು ಮಲಕ್ಕೊಳ್ರಿ ಎಂದು ಹೋಗುತ್ತಿದ್ದರು.

ಯಾಕೆಂದರೆ ನಾನು ಏನೂ ಕಂಡಿರಲಿಲ್ಲ.

ಬೆಳಕಿಲ್ಲ. ದನಿಯಿಲ್ಲ. ತೀರಿಹೋದ ಅಪ್ಪ ಎದುರು ಬರಲಿಲ್ಲ. ಕತ್ತಲೆ ಕೂಡ ಇರಲಿಲ್ಲ. ಕತ್ತಲೆ ಎನ್ನಲು ನೋಡುವವರು ಬೇಕಲ್ಲ. ಕಬ್ಬಿನ ಗದ್ದೆ, ಆಮೇಲೆ ಐಸಿಯುನ ಸೀಲಿಂಗ್. ನಡುವೆ ನಾನೇ ಇರಲಿಲ್ಲ. ಸತ್ತವರು ಏಳುತ್ತಾರೆ ಎಂದು ಚಿಕ್ಕಂದಿನಿಂದ ಪ್ರತಿ ಭಾನುವಾರ ಚರ್ಚಿನಲ್ಲಿ ಬಾಯಿ ತುಂಬ ಹೇಳಿದವಳು ನಾನು. ಅಪ್ಪನ ಪೆಟ್ಟಿಗೆಯ ಮೇಲೆ ಮಣ್ಣು ಹಾಕುವಾಗ ಆ ಮಾತನ್ನೇ ಗಟ್ಟಿಯಾಗಿ ಹಿಡಿದು ನಿಂತಿದ್ದೆ. ಈಗ ಅಲ್ಲಿಯವರೆಗೆ ಹೋಗಿ ಬಂದರೂ ಹೇಳಲು ಒಂದು ಸಂಗತಿ ಇಲ್ಲ. ಹಾಗಾದರೆ ಅಪ್ಪ ಎಲ್ಲಿದ್ದಾರೆ? ಈ ಪ್ರಶ್ನೆ ಅನ್ನದ ತಟ್ಟೆಯ ಮುಂದೆ ಕೂತಾಗ ಬರುತ್ತಿತ್ತು, ತಲೆ ಬಾಚಿಕೊಳ್ಳುವಾಗ ಬರುತ್ತಿತ್ತು. ಸ್ಯಾಮುಯೆಲ್‌ಗೂ ಹೇಳಲಿಲ್ಲ. ಅವರು ವೆಲ್ಡಿಂಗ್ ಶಾಪಿನಿಂದ ಮಧ್ಯಾಹ್ನ ಸುಮ್ಮನೆ ಬಂದು ನನ್ನ ಮುಖ ನೋಡಿ ಹೋಗುತ್ತಿದ್ದರು. ಅಷ್ಟು ಸಂತೋಷದಲ್ಲಿದ್ದ ಮನುಷ್ಯನಿಗೆ ಹೇಗೆ ಹೇಳಲಿ?

ಹನುಮಂತಣ್ಣ ಒಂದು ದಿನ ಬೆಳಿಗ್ಗೆ ಮೊಸಂಬಿ ಹಿಡಿದು ಬಂದರು. ಕುರ್ಚಿಯ ಅಂಚಿನಲ್ಲಿ ಕೂತರು. ನನ್ನ ಮುಖ ನೋಡುತ್ತಿರಲಿಲ್ಲ.

"ತಂಗಿ, ತಪ್ಪು ತಿಳೀಬ್ಯಾಡ. ಎಲ್ಲಾರ ಮುಂದ ನಿನ್ನ ಎದಿ ಮ್ಯಾಲೆ ಕೈ ಇಟ್ಟೆ. ಎಲುಬು ಬ್ಯಾರೆ ಮುರದೆ."

"ಅಯ್ಯ ಹನುಮಂತಣ್ಣ!" ಎಂದು ನಕ್ಕೆ. ನಕ್ಕಿದ್ದಕ್ಕೆ ಪಕ್ಕೆ ಚುಚ್ಚಿ ಕಣ್ಣಲ್ಲಿ ನೀರು ಬಂತು. ಅವರು ಗಾಬರಿಯಾಗಿ ಎದ್ದು ನಿಂತರು. ಕೂರಿಸಿದೆ. ಕೂತ ಮೇಲೆ ಅವರೇ ಹೇಳಿದರು:

"ಆ ರೂಟು ಬ್ಯಾಡ ಅಂತ ಬರಕೊಟ್ಟೀನಿ. ಕಮಲಾಪುರ ಬಂತಂದ್ರ ಕೈ ನಡುಗ್ತಾವ. ನೀನು ಬಿದ್ದಾಗ ಕಣ್ಣು ತೆರಕೊಂಡೇ ಇದ್ವು. ನನ್ನ ಕಡೀಗೇ ನೋಡಾಕತ್ತಿದ್ವು. ಒಳಗ ಯಾರೂ ಇರಲಿಲ್ಲ."

ಅವರು ಹೋದ ಮೇಲೆ ಆ ಮೊಸಂಬಿಯನ್ನು ಮುಟ್ಟಲು ನನ್ನಿಂದಾಗಲಿಲ್ಲ.

ಆಮೇಲೊಂದು ದಿನ ಡಿವೈಸಿನ ಪೆಟ್ಟು ಬಿತ್ತು. ಹಿತ್ತಲಲ್ಲಿ ಒಗೆದ ಬಟ್ಟೆ ಒಣಹಾಕುತ್ತಿದ್ದೆ. ಎದೆಯೊಳಗೆ ಪಟಪಟ. ತಲೆ ಹಗುರಾಯಿತು. ಮರುಕ್ಷಣ ಎಮ್ಮೆ ಒದ್ದ ಹಾಗೆ ಒಳಗಿನಿಂದ ಒಂದು ಹೊಡೆತ. ಚೀರಿ ನೆಲಕ್ಕೆ ಕೂತೆ. ಪಿಯುಸಿ ಓದುವ ಮಗಳು ಶಾಂತಿ ಪುಸ್ತಕ ಕೈಯಲ್ಲೇ ಹಿಡಿದು ಓಡಿ ಬಂದಳು. ನನ್ನನ್ನು ತಬ್ಬಿಕೊಂಡು ಅವ್ವ, ಅವ್ವ ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ಡಿವೈಸ್ ಪರೀಕ್ಷಿಸಿದ ಡಾಕ್ಟರ್, "ಅದು ತನ್ನ ಕೆಲಸ ಮಾಡೇತಿ. ಸಂತೋಷ ಪಡ್ರಿ," ಎಂದರು. ಮಾತ್ರೆ ಬದಲಿಸಿದರು.

ಸಂತೋಷವಾಗಲಿಲ್ಲ. ಅದು ಹೊಡೆಯಿತು ಅಂದರೆ ನಾನು ಮತ್ತೆ ಹೊರಟಿದ್ದೆ ಅಂತ ತಾನೆ? ಅಂದಿನಿಂದ ನಾನು ಮನೆಯೊಳಗೇ ಉಳಿದುಬಿಟ್ಟೆ. ಬಚ್ಚಲಿನ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಕೊಡ ಎತ್ತುತ್ತಿರಲಿಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಅಂಗೈ ಬೆವರುತ್ತಿತ್ತು. ಬೆಳಗಾದರೆ ಶಾಂತಿ ಹಾಸಿಗೆಯ ಹತ್ತಿರ ಬಂದು, "ಅವ್ವ, ಎದ್ದಿ ಏನು?" ಎನ್ನುತ್ತಿದ್ದಳು. ಎದ್ದೀನಿ ಎನ್ನುವವರೆಗೆ ಅವಳು ಉಸಿರು ಬಿಡುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ನಿದ್ದೆಯಿಂದ ಏಳುವುದಕ್ಕೂ ಸಾವಿನಿಂದ ಏಳುವುದಕ್ಕೂ ಒಂದೇ ಮಾತು. ಅಷ್ಟು ವರ್ಷ ಆ ಮಾತನ್ನು ಎರಡು ಕಡೆಯೂ ಆಡಿದ್ದೆ, ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ.

ಈಸ್ಟರ್ ಹತ್ತಿರ ಬಂದಾಗ ನಮ್ಮ ಚರ್ಚಿನ ಸಭಾಪಾಲಕರು ಮನೆಗೆ ಬಂದರು. ಈಸ್ಟರ್ ಬೆಳಗಿನ ಆರಾಧನೆಯನ್ನು ನಾವು ಸಮಾಧಿಗಳ ನಡುವೆ ಮಾಡುತ್ತೇವೆ. ಅಲ್ಲಿ ದೇವರು ನನಗೆ ಮಾಡಿದ್ದನ್ನು ಎಲ್ಲರ ಮುಂದೆ ಸಾಕ್ಷಿಯಾಗಿ ಹೇಳಬೇಕೆಂದು ಎಲ್ಲರ ಆಸೆಯಂತೆ.

ಇನ್ನು ಮುಚ್ಚಿಡಲಾಗಲಿಲ್ಲ. "ಅಯ್ಯನವರೇ, ನಾ ಏನೂ ನೋಡಿಲ್ಲ," ಎಂದೆ. ಸ್ಯಾಮುಯೆಲ್ ಅಲ್ಲೇ ಇದ್ದರು. ಅವರ ಮುಖ ನೋಡದೆ ಎಲ್ಲವನ್ನೂ ಹೇಳಿಬಿಟ್ಟೆ.

ಸಭಾಪಾಲಕರು ಉಪದೇಶ ಮಾಡಲಿಲ್ಲ. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು:

"ಜನ ನಿಮ್ಮನ್ನ ಸತ್ತು ಎದ್ದವಳು ಅಂತಾರ. ಆದ್ರ ನಿಮಗ ಆಗಿದ್ದು ಪುನರುತ್ಥಾನ ಅಲ್ಲ ಕರುಣಮ್ಮ. ಯೇಸು ಕೆಲವರನ್ನ ಬದುಕಿಸಿದ, ಅವರೆಲ್ಲ ಮುಂದ ಮತ್ತ ಸತ್ರು. ಪುನರುತ್ಥಾನ ಅಂದ್ರ ಮುಂದ ಸಾವೇ ಇರದಂಗ ಏಳೋದು. ಅದನ್ನ ನೀವೂ ನೋಡಿಲ್ಲ, ನಾನೂ ನೋಡಿಲ್ಲ. ನೋಡಿಲ್ಲಂತನೇ ಅದನ್ನ ನಂಬಿಕಿ ಅನ್ನೋದು."

"ಅಂದ್ರ ನಾ ಇನ್ನೊಮ್ಮೆ ಸಾಯಬೇಕು."

"ಹೌದಮ್ಮ. ನಾನೂ."

ಅವರು ಸಮಾಧಾನಕ್ಕೆ ಹೇಳಿದ್ದು. ನನಗೆ ಮಾತ್ರ ಹೆದರಿಕೆ ಹೆಚ್ಚಿತು. ಎಲ್ಲರೂ ಒಮ್ಮೆ ದಾಟುವ ಬಾಗಿಲನ್ನು ನಾನು ಎರಡು ಸಲ ದಾಟಬೇಕು. ಅವರು ಹೋದ ಮೇಲೆ ಸ್ಯಾಮುಯೆಲ್ ಹತ್ತಿರ ಬಂದು ಕೂತರು. "ಇದನ್ನ ಇಷ್ಟು ದಿನ ಒಬ್ಬಾಕೀನೇ ಹೊತ್ಕೊಂಡು ತಿರುಗಿದ್ಯಾ?" ಎಂದರು. ಕೈ ಹಿಡಿದುಕೊಂಡರು.

ಶುಭ ಶುಕ್ರವಾರದ ಮರುದಿನ ಮನೆಯಲ್ಲಿ ಕೂತು ಬೈಬಲ್ ತೆರೆದೆ. ಹೆದರಿಕೆಗೆ ಏನಾದರೂ ಸಿಗಬಹುದೆಂದು ಹುಡುಕಿದೆ. ಯೇಸು ಸಮಾಧಿಯಲ್ಲಿದ್ದ ಶನಿವಾರದ ಬಗ್ಗೆ ಹೆಚ್ಚೇನೂ ಇಲ್ಲ. ಅಲ್ಲಿ ಹೇಗಿತ್ತು ಎಂದು ಎದ್ದು ಬಂದ ಮೇಲೂ ಅವನು ವರ್ಣಿಸಿ ಹೇಳಲಿಲ್ಲ. ಹೆದರಿ ಕೂತಿದ್ದವರ ನಡುವೆ ಬಂದು ನಿಂತ. ಗಾಯ ತೋರಿಸಿದ. ತಿನ್ನಲು ಏನಾದರೂ ಇದೆಯೇ ಎಂದು ಕೇಳಿದ. ಅವರು ಕೊಟ್ಟ ಮೀನು ತಿಂದ. ಇದನ್ನು ನಾನು ಎಷ್ಟು ಸಲ ಓದಿದ್ದೆನೋ. ಆ ದಿನ ಮಾತ್ರ ಅಲ್ಲೇ ನಿಂತುಬಿಟ್ಟೆ. ಎದ್ದವನ ಮೈಯಲ್ಲೂ ಗಾಯ ಹಾಗೇ ಇತ್ತು. ಅವನಿಗೂ ಊಟ ಬೇಕಾಗಿತ್ತು.

ಭಯ ಕಡಿಮೆಯಾಯಿತು ಎಂದರೆ ಸುಳ್ಳು. ಆದರೆ ನಾಳೆ ಸಾಕ್ಷಿ ಹೇಳಲು ಹೋಗುತ್ತೇನೆ ಎಂದು ಸ್ಯಾಮುಯೆಲ್‌ಗೆ ಹೇಳಿದೆ.

ಸಮಾಧಿಗಳ ಮೇಲೆ ಚೆಂಡುಹೂವು, ಮೇಣದಬತ್ತಿ. ಪೂರ್ವಕ್ಕೆ ಬೆಳಕು ಹರಿಯುತ್ತಿತ್ತು. ಅಪ್ಪನ ಸಮಾಧಿಯ ಪಕ್ಕ ನಿಂತೆ. ನನ್ನ ಸರದಿ ಬಂತು. ಜನರ ಮುಖದ ತುಂಬ ನಿರೀಕ್ಷೆ. ಪೈಪು ಹಾಕಿ ಒರಟಾದ ದನಿಯಲ್ಲಿ ಹೇಳಿದೆ.

"ನಾ ಸತ್ತಿದ್ದೆ ಅಂತಾರ. ನನಗ ಏನೂ ಕಾಣಲಿಲ್ಲ. ಏನೂ ಕೇಳಲಿಲ್ಲ. ಈಗ ಭಾಳ ಹೆದರಿಕಿ ಆಗ್ತದ. ಹೆದರ್ಕೋತನೇ ನಂಬೀನಿ. ಇಷ್ಟ ನನ್ನ ಸಾಕ್ಷಿ."

ಯಾರೂ ದೇವರಿಗೆ ಸ್ತೋತ್ರ ಅನ್ನಲಿಲ್ಲ. ಒಂದು ಮಗು ಅಳುತ್ತಿತ್ತು. ಸಭಾಪಾಲಕರೇ ಮೆಲ್ಲಗೆ ಆಮೆನ್ ಎಂದರು. ಹಾಡು ಶುರುವಾಯಿತು. ನಾನು ತಲೆ ತಗ್ಗಿಸಿ ಹಿಂದೆ ಬಂದೆ.

ಆಗ ಲೇಯಮ್ಮ ನನ್ನ ಮುಂಗೈ ಹಿಡಿದರು. ನಮ್ಮ ಸಭೆಯ ಹಿರಿಯ ವಿಧವೆ. ಅವರ ಒಬ್ಬನೇ ಮಗ ಲಾರಿ ಕ್ಲೀನರ್ ಆಗಿದ್ದ. ಸಂಡೂರಿನ ದಾರಿಯಲ್ಲಿ ಲಾರಿ ಮಗುಚಿ ಹೋಗಿಬಿಟ್ಟ. ಹತ್ತಿರ ಯಾರೂ ಇರಲಿಲ್ಲ.

"ಯವ್ವಾ, ಒಂದ ಮಾತು ಹೇಳು," ಎಂದರು. "ನಿನಗ ಏನೂ ಕಾಣಲಿಲ್ಲ, ಬಿಡು. ನೋವಿತ್ತೇನು?"

"ಇಲ್ಲಮ್ಮ."

"ಹೆದರಿಕಿ?"

"ಇಲ್ಲ. ಹೆದರಿಕಿ ಎಲ್ಲ ಎದ್ದ ಮ್ಯಾಲೆ."

"ಯಾರೂ ಬಾಜೂಕ ಇಲ್ಲ ಅಂತ ಅನಿಸಲಿಲ್ಲ?"

"ಏನೂ ಅನಿಸಲಿಲ್ಲಮ್ಮ. ಒಂಚೂರೂ."

ಅವರು ನನ್ನ ಭುಜಕ್ಕೆ ಹಣೆ ಇಟ್ಟರು. ಉಬ್ಬಿದ ಡಿವೈಸ್ ಮೇಲೆಯೇ. ಅತ್ತರು. ಎಷ್ಟೋ ವರ್ಷ ಕಟ್ಟಿಟ್ಟ ಅಳು. "ನನ ಮಗ ಅವ್ವಾ ಅಂತ ಒದರಿರಬೇಕು, ನೋವಿನಾಗ ಬಿದ್ದಿರಬೇಕು ಅಂತ ದಿನಾ ಸಾಯ್ತಿದ್ದೆ ನಾನು," ಎಂದರು. ಅವನಿಗೆ ಹೇಗಿತ್ತೋ ನನಗೇನು ಗೊತ್ತು? ಹಾಗೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ನಾಚಿ ಮುಚ್ಚಿಟ್ಟುಕೊಂಡಿದ್ದ ಆ ಶೂನ್ಯವನ್ನು ಒಬ್ಬ ತಾಯಿ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದರು.

ಈಸ್ಟರ್ ಆಗಿ ಕೆಲವು ವಾರಗಳಾದ ಮೇಲೆ ಡಿಪೋದ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಬಸ್ಸನ್ನು ಕಿಟಕಿಯಿಂದ ನೋಡುತ್ತಿದ್ದೆ, ಹತ್ತುತ್ತಿರಲಿಲ್ಲ. ಕಳೆದ ವಾರ ಲೇಯಮ್ಮ ಮನೆಗೆ ಬಂದರು. ಮಗ ಬಿದ್ದ ಜಾಗವನ್ನು ಇವತ್ತಿನವರೆಗೆ ನೋಡಿಲ್ಲವಂತೆ. "ನೀ ಬಂದ್ರ ನೋಡ್ತೀನಿ," ಎಂದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಬಸ್ಸಿನ ಮೆಟ್ಟಿಲಿನ ಮೇಲೆ ಕಾಲಿಟ್ಟು ಅಲ್ಲೇ ನಿಂತೆ. ಹಿಂದಿದ್ದ ಜನ "ಜಲ್ದಿ ಹತ್ರಿ" ಎಂದರು. ಲೇಯಮ್ಮ ಬೆನ್ನಿಗೆ ಕೈಕೊಟ್ಟರು. ಸಂಡೂರಿನ ಗುಡ್ಡ ಬರುವವರೆಗೆ ಒಬ್ಬರ ಕೈ ಒಬ್ಬರು ಬಿಡಲಿಲ್ಲ. ತಿರುವಿನಲ್ಲಿ ಇಳಿದೆವು. ಅಲ್ಲಿ ಗುರುತೇನೂ ಇರಲಿಲ್ಲ, ಕೆಂಪು ಧೂಳು ಹೊತ್ತ ಗಿಡಗಳಷ್ಟೆ. ಲೇಯಮ್ಮ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು. ಮಗನ ಹೆಸರು ಕೇಳಿಸಿತು. ನನ್ನ ಹೆಸರೂ ಕೇಳಿಸಿತು.

ದೂರದಲ್ಲಿ ಹೊಸಪೇಟೆಗೆ ಹೋಗುವ ಬಸ್ಸು ಕಂಡಿತು. ಎದೆ ಹೊಡೆದುಕೊಳ್ಳುತ್ತಿತ್ತು. ಅದು ಭಯದ ಬಡಿತವೋ ಸುಮ್ಮನೆ ಬಡಿತವೋ ನನಗೆ ಗೊತ್ತಾಗಲಿಲ್ಲ. ಲೇಯಮ್ಮ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು, "ಕೈ ಮಾಡವ್ವ, ಹೋಗೂಣು," ಎಂದರು.

ಕೈ ಮಾಡಿದೆ. ಬಸ್ಸು ನಿಂತಿತು.