ತಿದಿಚೀಲ ಹೊತ್ತ ಕಾಗೆ

ಬೆಟಗೇರಿಯ ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಮುಗಿದು ಉಳಿಯ ಸದ್ದು ಸುರುವಾಗುವ ಕಡೆ ತಿರಕಪ್ಪನ ಮನೆ. ಸೀರೆ ಗಂಟಿಗೆ ಹಚ್ಚುವ ಚೀಟಿಯ ನವಿಲು, ಬೀಡಿ ಕಟ್ಟಿನ ಹುಲಿ, ಲಗ್ನಪತ್ರಿಕೆಯ ಗಣಪತಿ ಎಲ್ಲ ಅವನು ಕೆತ್ತಿದ ಕಟ್ಟಿಗೆಯ ಅಚ್ಚಿನಿಂದಲೇ ಗದಗಿನ ಛಾಪಖಾನೆಯಲ್ಲಿ ಮಸಿ ಹಚ್ಚಿಕೊಂಡು ಊರೂರಿಗೆ ಹೋಗುತ್ತಿದ್ದವು. ಅಕ್ಷರ ಅವನಿಗೆ ಅಷ್ಟಕ್ಕಷ್ಟೇ. ಆದರೆ ಯಾರದಾದರೂ ನಡಿಗೆಯನ್ನು ಒಮ್ಮೆ ನೋಡಿದರೆ ಅವನ ಕೈ ಅದನ್ನು ಮರೆಯುತ್ತಿರಲಿಲ್ಲ. ಆ ಕೈಯೇ ಅವನನ್ನು ಪೇಚಿಗೆ ಸಿಲುಕಿಸಿತು.

ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ಇತ್ತ ಬಾವುಟ ಏರಿತ್ತು. ಅತ್ತ ಮುಂಡರಗಿ ದಾಟಿ ಸ್ವಲ್ಪ ಮುಂದೆ ಹೋದರೆ ಇನ್ನೂ ನಿಜಾಮನ ಸೀಮೆ. ಅವನ ಕಡೆಯ ರಜಾಕಾರರು ಹಳ್ಳಿಗೆ ನುಗ್ಗಿದರು, ಬಣವೆಗೆ ಬೆಂಕಿ ಇಟ್ಟರು ಎಂದು ದಿನಾ ಖಬರು. ಜನ ಗಂಟು ಹೊತ್ತು ಗಡಿ ದಾಟಿ ಬರುತ್ತಿದ್ದರು. ತಿರಕಪ್ಪನ ಹೆಂಡತಿ ಹನಮವ್ವನ ಅಕ್ಕ ತಿಪ್ಪವ್ವನೂ ಹಾಗೇ ಬಂದಳು, ಸುಟ್ಟ ಕೈಗೆ ಎಣ್ಣೆಯ ಅರಿವೆ ಸುತ್ತಿಕೊಂಡು. ಪಡಸಾಲೆಯ ಮೂಲೆ ಹಿಡಿದು ಕೂತವಳು, ಏನು ಕೇಳಿದರೂ ಒಂದೇ ಹೇಳುತ್ತಿದ್ದಳು: "ಗುರ್ತಿನವರು ಅಂತ ಕದಾ ತಗದ್ವಿ."

ಛಾಪಖಾನೆಯ ಅಂದಾನಪ್ಪನವರು ವಾರಕ್ಕೊಂದು ಹಾಳೆಯ ಪತ್ರಿಕೆ ಹೊರಡಿಸುತ್ತಿದ್ದರು. "ತಿರಕಪ್ಪಾ, ಓದಾಕ ಬರೋ ಮಂದಿ ಎಷ್ಟರ ಅದಾರ? ವಾರವಾರ ಒಂದು ಚಿತ್ರದ ಪಟ್ಟಿ ಕೆತ್ತಿ ಕೊಡು. ಸಣ್ಣ ಹುಡುಗರಿಗೂ ತಿಳಿಯೋ ಕತಿ ಇರಬೇಕು, ಮಂದಿ ಹುಷಾರ್ ಆಗಬೇಕು" ಎಂದರು.

ತಿರಕಪ್ಪನಿಗೆ ಕತೆ ಎಂದರೆ ಕಾಗೆ ಗುಬ್ಬಿಯದು. ತಾಯಿ ಸತ್ತ ಮೇಲೆ ಅದನ್ನು ಹೇಳಿ ಹೇಳಿ ಅವನಿಗೆ ಉಣಿಸಿದವಳು ಎದುರು ಮನೆಯ ಮೋತಿಬಿ. ಕಾಗೆಯ ಸಗಣಿ ಮನೆ ಮಳೆಗೆ ಕರಗಿ ಹೋಗುತ್ತದೆ. ಅದು ಗುಬ್ಬಿಯ ಕಲ್ಲಿನ ಮನೆಗೆ ಬಂದು ಕದ ತೆಗೆ ಎನ್ನುತ್ತದೆ. ತಡಿ, ಕೂಸಿಗೆ ನೀರು ಹಾಕುತ್ತಿದ್ದೇನೆ ಎನ್ನುತ್ತದೆ ಗುಬ್ಬಿ. ತಡಿ, ಕೂಸಿನ ತಲೆಗೆ ಕುಂಚಿಗೆ ಕಟ್ಟುತ್ತಿದ್ದೇನೆ ಎನ್ನುತ್ತದೆ. ಕೊನೆಗೊಮ್ಮೆ ಒಳಗೆ ಬಂದ ಕಾಗೆ ಚಳಿ ಕಾಯಿಸಲು ಹೋಗಿ ಕಾದ ಹೆಂಚಿನ ಮೇಲೆ ಕೂತು, ಕುಂಡಿ ಸುಟ್ಟುಕೊಂಡು ಹಾರುತ್ತದೆ. ಹುಡುಗ ತಿರಕಪ್ಪ ನಗಲು ಬಾಯಿ ತೆರೆದಾಗ ಮೋತಿಬಿ ಕೊನೆಯ ತುತ್ತು ಇಡುತ್ತಿದ್ದಳು.

ಈಗ ತಿರಕಪ್ಪ ಆ ಕಾಗೆಗೆ ಟೊಪ್ಪಿಗೆ ಹಾಕಿದ, ಎದೆಗೆ ಅಡ್ಡಪಟ್ಟಿ ಬಿಗಿದ, ಕೈಗೆ ಬಂದೂಕು ಕೊಟ್ಟ. ಹೆಗಲಿಗೆ ಲೂಟಿಯ ಚೀಲ. ಗುಬ್ಬಿಗೆ ಇಳಕಲ್ ಸೀರೆ, ತಲೆತುಂಬ ಸೆರಗು. ತಿಪ್ಪವ್ವನ ಕೈ ನೋಡುತ್ತ ಕೆತ್ತಿದ ಚಿತ್ರ. ಗೆರೆ ಗೆರೆಯಲ್ಲಿ ಸಿಟ್ಟು ಕೂತಿತು. ಮುಂಡರಗಿಯಲ್ಲಿ ನಿರಾಶ್ರಿತರಿದ್ದ ಗೋದಾಮಿನ ಗೋಡೆಗೆ ಅಂಟಿಸಿದರು. ಲಕ್ಷ್ಮೇಶ್ವರದ ಸಂತೆಯಿಂದ ಇನ್ನಷ್ಟು ಕಳಿಸಿರೆಂದು ಹೇಳಿ ಕಳಿಸಿದರು. ಶನಿವಾರ ಬಂತೆಂದರೆ ಓಣಿಯ ಹುಡುಗರು ಛಾಪಖಾನೆಯ ಮೆಟ್ಟಿಲ ಮೇಲೇ.

ಮೂರನೆಯ ಪಟ್ಟಿ ಬಂದ ವಾರ ಹನಮವ್ವ ಹಾಳೆಯನ್ನು ತಂದು ಗಂಡನ ಮುಂದೆ ಹಿಡಿದಳು.

"ಇದ ಯಾರ್ರೀ?"

"ಕಾಗಿ. ರಜಾಕಾರ."

"ಚೀಲ ಹೊತ್ತು ಬಲಕ್ಕ ವಾಲಿ ನಡಿಯೂದು ನೋಡ್ರಿ. ಹೊರಗ ಹೋಗಿ ಕೇಳ್ರಿ, ಹುಡುಗ್ರು ಏನಂತಾವ."

ತಿರಕಪ್ಪ ನೋಡಿದ. ಅದು ಬುಡ್ಡೇಸಾಬನ ನಡಿಗೆ. ಮೋತಿಬಿಯ ಗಂಡ ಬುಡ್ಡೇಸಾಬ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವನು. ಗಾಳಿ ಊದುವ ತೊಗಲಿನ ತಿದಿಯನ್ನು ಚೀಲದಲ್ಲಿ ಹೆಗಲಿಗೆ ಹಾಕಿ, ಬಲಕ್ಕೆ ವಾಲಿ, ನಲವತ್ತು ವರ್ಷದಿಂದ ಇದೇ ಓಣಿ ತಿರುಗಿದ ಮುದುಕ. ಚೀಲ ಹೊತ್ತವರು ಹೇಗೆ ನಡೆಯುತ್ತಾರೆ ಎಂದು ತಿರಕಪ್ಪನ ಕೈಗೆ ಗೊತ್ತಿದ್ದದ್ದು ಅದೊಂದೇ. ಅಚ್ಚಿನಲ್ಲಿ ಕೆತ್ತಿದ್ದು ಹಾಳೆಯಲ್ಲಿ ತಿರುಗಿ ಬೀಳುತ್ತದಲ್ಲ, ಅದಕ್ಕೆಂದು ಎಡಕ್ಕೆ ವಾಲಿಸಿ, ಬಲಕ್ಕೆ ಬರುವ ಹಾಗೆ ಎಚ್ಚರ ವಹಿಸಿ ಕೆತ್ತಿದ್ದ ಬೇರೆ!

ಹೊರಗೆ ಬುಡ್ಡೇಸಾಬನ ಕೂಗು ಕೇಳಿತು. "ಕಲಾಯೀ..."

ಮುಚ್ಚಿದ ಕದವೊಂದರ ಹಿಂದಿನಿಂದ ಹುಡುಗರ ದನಿ: "ತಡಿಯೋ ಕಾಗಿ, ಕೂಸಿಗೆ ನೀರ ಹಾಕಾಕತ್ತೇವಿ!" ಮುಂದಿನ ಮನೆಯಿಂದ ಇನ್ನೊಂದು: "ತಡಿ, ಕುಂಚಿಗಿ ಕಟ್ಟಾಕತ್ತೇವಿ!" ಒಳಗೆ ದೊಡ್ಡವರೂ ನಗುತ್ತಿದ್ದರು. ಯಾರ ಮನೆಯಿಂದಲೂ ಕಲಾಯಿಗೆಂದು ಒಂದು ತಂಬಿಗೆ ಹೊರಗೆ ಬರಲಿಲ್ಲ.

ಅಂದು ಸಂಜೆ ಮೋತಿಬಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ತಿರಕಪ್ಪ ಹೋಗಿ ಎದುರಿಗೆ ನಿಂತ. ಅವಳು ತಲೆ ಎತ್ತಲಿಲ್ಲ.

"ನನ್ನ ಕತಿ ನನ್ನ ಮನಿಗೇ ಹೊಳ್ಳಿ ಬಂತಲ್ಲೋ ತಿರಕ್ಯಾ."

"ಅವ್ವಾ, ನಾ ಕಾಕಾನ್ನ ಮನಸಿನ್ಯಾಗ ಇಟ್ಟು ಮಾಡಿದ್ದಲ್ಲ. ಕೈ ತಪ್ಪಿ..."

"ಆ ಕಾಗಿ ತೊಯಿಸಿಕೊಂಡು ಬಂದಿತ್ತೋ, ಮನಿ ಕಳಕೊಂಡು. ನೀ ಅದರ ಕೈಯಾಗ ಬಂದೂಕ ಕೊಟ್ಟಿ." ಅವಳು ಮೊರ ಕೊಡವಿ ಎದ್ದಳು. "ಸವಣೂರಾಗ ನನ್ನ ತಮ್ಮ ಅದಾನ. ರವಿವಾರ ಮುಂಜಾನಿ ಗಾಡಿ ಬರತೈತಿ."

ತಿರಕಪ್ಪ ಆ ವಾರ ಬೇರೆ ಕೆಲಸ ಮುಟ್ಟಲಿಲ್ಲ. ಉಳಿದದ್ದು ಕೊನೆಯ ಪಟ್ಟಿ, ಕಾಗೆ ಹೆಂಚಿನ ಮೇಲೆ ಸುಡುವುದು. ಅದರ ಬದಲು ಅವನು ಮಳೆಯಲ್ಲಿ ತೊಯ್ದ ಬರೀ ಕಾಗೆಯನ್ನು ಕೆತ್ತಿದ. ಟೊಪ್ಪಿಗೆ ಇಲ್ಲ, ಬಂದೂಕಿಲ್ಲ, ಚೀಲವಿಲ್ಲ. ಗುಬ್ಬಿ ಕದ ತೆಗೆದು ನಿಂತಿದೆ.

ಅಂದಾನಪ್ಪನವರು ಅಚ್ಚನ್ನು ಹೊರಳಿಸಿ ನೋಡಿದರು. "ಮಂದಿ ಕಾಗಿ ಸುಡೂದನ್ನ ಕಾಯಾಕತ್ತೈತಿ. ಇದನ್ನ ಹಾಕಿದ್ರ ನನ್ನ ಹಲ್ಲ ಮುರೀತಾರ. ರಜಾಕಾರಗ ಕದಾ ತಗೀರಿ ಅಂತೀಯೇನು?"

"ಟೊಪ್ಪಿಗಿ ರಜಾಕಾರಂದರಿ ಧಣೇರ, ನಡಿಗಿ ನಮ್ಮ ಬುಡ್ಡೇಸಾಬಂದು."

"ಯಾರ ಅಷ್ಟು ನೋಡತಾರ, ಬಿಡು."

"ಹುಡುಗ್ರು ನೋಡ್ಯಾವರಿ."

ಅವರು ಅಚ್ಚನ್ನು ಅವನ ಕೈಗೇ ತಿರುಗಿ ಕೊಟ್ಟರು. "ಕೆತ್ತಾವರು ಇನ್ನೂ ಅದಾರ ಊರಾಗ."

ಶನಿವಾರ ಹಾಳೆ ಬಂತು. ಬೇರೆ ಯಾರೋ ಕೆತ್ತಿದ ಒರಟು ಕಾಗೆ, ಕೆಳಗೆ ಉರಿ. ಚೀಲ ಮಾತ್ರ ಹಾಗೇ ಇತ್ತು. ಹುಡುಗರು ಅದನ್ನು ಹಿಡಿದು ಓಣಿ ತುಂಬ ಕುಣಿದರು.

ತಿರಕಪ್ಪ ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆ, ಆ ತಾಮ್ರದ ಗುಂಡಿಗೆ ಕೈ ಹಾಕಿದ. ಒಲೆಯ ಮುಂದೆ ತಿಪ್ಪವ್ವ ಕೂತಿದ್ದಳು.

"ಆ ಮನಿಗೆ ಹೊಂಟೀಯೇನು?"

"ಹೌದವ್ವ."

ಅವಳು ಅವನನ್ನೂ ಗುಂಡಿಯನ್ನೂ ನೋಡಿದಳು. ಆಮೇಲೆ ನೆಟ್ಟಗಿದ್ದ ಒಂದು ಕೈಯಿಂದ ಅದರಲ್ಲಿದ್ದ ಸಾರನ್ನು ಮಣ್ಣಿನ ಗಡಿಗೆಗೆ ಬಗ್ಗಿಸಿ, ಖಾಲಿ ಗುಂಡಿಯನ್ನು ಅವನ ಕಡೆ ನೂಕಿದಳು.

ಹೊರಗೆ ಮಳೆ ಹಿಡಿದಿತ್ತು. ಎದುರು ಮನೆಯ ಕದ ಮುಚ್ಚಿತ್ತು. ತಿರಕಪ್ಪ ಬಡಿದ.

"ಯಾರು?"

"ನಾನವ್ವಾ, ತಿರಕ. ಕದಾ ತಗಿ."

ಒಳಗಿನಿಂದ ಮೋತಿಬಿಯ ದನಿ: "ತಡಿಯಪ್ಪಾ. ಕೂಸಿಗೆ ನೀರ ಹಾಕಾಕತ್ತೇನಿ."

ಆ ಮನೆಯಲ್ಲಿ ಕೂಸು ಹುಟ್ಟಿರಲೇ ಇಲ್ಲ. ಅಲ್ಲಿ ಉಂಡು ಬೆಳೆದ ಒಂದೇ ಕೂಸು ಹೊರಗೆ ತೊಯ್ಯುತ್ತ ನಿಂತಿತ್ತು. ಆಚೆ ಮನೆಗಳ ಕದ ಸಂದಿ ಬಿಟ್ಟವು, ಯಾರೋ ಕಿಸಕ್ಕೆಂದರು. ಅವನು ಮತ್ತೆ ಬಡಿದ.

"ತಡಿ. ಕುಂಚಿಗಿ ಕಟ್ಟಾಕತ್ತೇನಿ."

ತಿರಕಪ್ಪ ಗುಂಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತ. ಮಳೆ ಹನಿಗಳು ಅದರೊಳಗೆ ಟಣ್ ಟಣ್ ಎಂದು ಬೀಳುತ್ತಿದ್ದವು. ಗುಂಡಿಯಲ್ಲಿ ನೀರು ನಿಂತು ಆ ಸದ್ದು ಮೆತ್ತಗಾಗುವ ತನಕ ಕೂತ.

ಅಗಳಿ ಸರಿಯಿತು. ಬುಡ್ಡೇಸಾಬ ಹೊರಗೆ ಬಂದ. ತಿರಕಪ್ಪನ ಮುಖ ನೋಡಲಿಲ್ಲ. ಗುಂಡಿ ಕಸಿದು, ನೀರು ಚೆಲ್ಲಿ, ಒಳಗೆ ಬೆರಳಾಡಿಸಿದ.

"ಏನಲೇ ಇದು? ಕಿಲುಬು ಹಿಡದೈತಿ. ಇದರಾಗ ಉಣ್ಣಾಕತ್ತೀರೇನು? ಮನಿಮಂದೆಲ್ಲಾ ಸಾಯಬೇಕಂತ ಮಾಡೀರೇನು?"

"ಕಾಕಾ..."

"ನಾಳಿ ಸಂಜಿಗೆ ಬಾ."

ಕದ ಮುಚ್ಚಿತು. ನಾಳೆ ಮುಂಜಾನೆಯೇ ಗಾಡಿ ಎಂಬುದು ಮುದುಕನಿಗೆ ಮರೆತಿತ್ತೋ, ಹೇಳಿ ಹೇಳಿ ರೂಢಿಯಾದ ಮಾತು ಬಾಯಿಂದ ಬಿತ್ತೋ, ತಿರಕಪ್ಪನಿಗೆ ತಿಳಿಯಲಿಲ್ಲ.

ಮುಂಜಾನೆ ಗಾಡಿ ಬಂತು. ಗಂಟುಗಳು ಕಟ್ಟೆಯ ಮೇಲಿದ್ದವು. ತಿರಕಪ್ಪ ಉಳಿ ಹಿಡಿದು ಕಿಟಕಿಯಲ್ಲಿ ಕೂತಿದ್ದ, ಕೈ ಓಡಲಿಲ್ಲ. ಆಗ ಎದುರು ಹಿತ್ತಲಿನಿಂದ ಕಲಾಯಿಗೆ ಹಾಕುವ ನವಸಾಗರದ ಬಿಳಿ ಹೊಗೆ ಎದ್ದಿತು, ಮೂಗು ಚುರುಗುಟ್ಟಿಸುವ ಅದೇ ಹಳೆಯ ವಾಸನೆ. ತಿದಿ ಬುಸ್ ಬುಸ್ ಎನ್ನುತ್ತಿತ್ತು. ಗಾಡಿಯವನು ಒಂದು ಬೀಡಿ ಸೇದಿದ, ಇನ್ನೊಂದು ಸೇದಿದ, ಬೇಸತ್ತು ಕೂಗಿದ. ಮೋತಿಬಿ ಹೊರಗೆ ಬಂದು ಅವನಿಗೆ ಏನೋ ಹೇಳಿ, ಒಂದು ಗಂಟನ್ನಷ್ಟೇ ಎತ್ತಿಕೊಂಡು ಒಳಗೆ ಹೋದಳು. ಉಳಿದವು ಕಟ್ಟೆಯ ಮೇಲೇ ಇದ್ದವು.

ಗಾಡಿ ಅಂದು ಖಾಲಿ ಹೋಯಿತು.