ತಗ್ಗಿನ ಪಾರ್ಕು

ಬಡಾವಣೆಗಳ ಚರಂಡಿ ನಕ್ಷೆ ಬರೆಯುವುದು ನನ್ನ ಕೆಲಸ. ರಸ್ತೆ ಯಾವ ಕಡೆ ಇಳಿಯಬೇಕು, ಮೋರಿ ಎಷ್ಟು ಅಗಲವಿರಬೇಕು, ಮನೆಯ ನೆಲಗಟ್ಟು ರಸ್ತೆಗಿಂತ ಎಷ್ಟು ಮೇಲಿರಬೇಕು, ಇಷ್ಟು ಮನೆಗಳಿಗೆ ಎಷ್ಟು ಪಾರ್ಕು ಬಿಡಬೇಕು ಎಂದು ಸ್ಥಳೀಯ ನಿಯಮಗಳಿವೆ. ಅವುಗಳ ಪ್ರಕಾರ ನಾನು ಗೆರೆ ಎಳೆಯುತ್ತೇನೆ. ಮದುವೆ ಮನೆಯಲ್ಲಿ ಯಾರಾದರೂ ಕೆಲಸ ಏನು ಎಂದು ಕೇಳಿ ನಾನು ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಜೋರು ಮಳೆಯಾದ ಮರುದಿನ ಮಾತ್ರ ಎಲ್ಲರಿಗೂ ನನ್ನ ನೆನಪಾಗುತ್ತದೆ, ಅದೂ ಬೈಯುವುದಕ್ಕೆ.

ದೆಹಲಿಯ ವಸಂತ್ ಕುಂಜದ ಬಾಡಿಗೆ ಫ್ಲ್ಯಾಟ್ ಬಿಟ್ಟು, ನಾನೇ ನಕ್ಷೆ ಬರೆದಿದ್ದ ಗುರುಗ್ರಾಮದಾಚೆಯ ಒಂದು ಬಡಾವಣೆಯಲ್ಲಿ ನಾವು ಮನೆ ಕಟ್ಟಿಕೊಂಡೆವು. ಅಲ್ಲಿಯ ನೆಲ ಒಂದು ಮೂಲೆಯ ಕಡೆಗೆ ವಾಲಿಕೊಂಡಿದೆ. ಆ ಮೂಲೆಯಲ್ಲಿ ನಾನು ಪಾರ್ಕು ಇಟ್ಟು, ಅದನ್ನು ರಸ್ತೆಗಿಂತ ಸೊಂಟದಷ್ಟು ತಗ್ಗಾಗಿ ತೋಡಿಸಿದ್ದೆ. ಮೋರಿಯಲ್ಲಿ ಹಿಡಿಸದ ಮಳೆನೀರು ಅಲ್ಲಿ ಬಂದು ನಿಲ್ಲಬೇಕು, ಒಂದೆರಡು ದಿನದಲ್ಲಿ ಇಂಗಬೇಕು. ವರ್ಷದ ಉಳಿದ ದಿನಗಳಲ್ಲಿ ಮಕ್ಕಳು ಆಡಿಕೊಂಡಿರಲಿ ಎಂಬುದು ಲೆಕ್ಕ.

ಜನ ಅದನ್ನು ಬಿಲ್ಡರನ ಮೋಸ ಎಂದುಕೊಂಡರು. ಮಣ್ಣು ತುಂಬಿಸುವ ಖರ್ಚು ಉಳಿಸಿದ್ದಾನೆ ಎಂದು ನಿವಾಸಿಗಳ ಸಂಘದ ಅಧ್ಯಕ್ಷರು ಖಂಡಿತವಾಗಿ ಹೇಳುತ್ತಿದ್ದರು; ಸಂಘದ ದುಡ್ಡಿನಲ್ಲಾದರೂ ಅದನ್ನು ತುಂಬಿಸೋಣ ಎನ್ನುತ್ತಿದ್ದರು. ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರು, ದಿನಾ ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ಪಾರ್ಕಿನಲ್ಲಿ ಸುತ್ತು ಹೊಡೆಯುವವರು. ಕೆಟ್ಟ ಮನುಷ್ಯರಲ್ಲ. ಸಭೆಯಲ್ಲಿ ನಾನು ನಕ್ಷೆ ಹರಡಿಕೊಂಡು, ಗಂಟಲು ಒಣಗುವವರೆಗೆ ವಿವರಿಸಿದೆ. "ಅಚ್ಛಾ ಮೇಡಂಜೀ, ಥಿಯರಿ ತೋ ಠೀಕ್ ಹೈ," ಎಂದು, ಲೆಕ್ಕವೇನೋ ಸರಿ ಎಂಬಂತೆ ನಕ್ಕು ಅವರು ಕ್ಯಾಮೆರಾ ಹಾಕಿಸುವ ವಿಷಯಕ್ಕೆ ಹೋದರು. ನನಗೆ ಮೈಯೆಲ್ಲ ಉರಿಯಿತು.

ನನ್ನ ಸಿಟ್ಟಿಗೆ ವೃತ್ತಿಯ ಜಂಬವಷ್ಟೇ ಕಾರಣವಲ್ಲ. ಪಾರ್ಕಿನ ಎದುರಿಗೆ, ಬಡಾವಣೆಯಲ್ಲೇ ಎಲ್ಲಕ್ಕಿಂತ ತಗ್ಗಿನ ನಿವೇಶನದಲ್ಲಿ, ಕೊಡಗಿನ ದಂಪತಿ ಇದ್ದರು. ಸೈನ್ಯದಲ್ಲಿದ್ದ ಅಂಕಲ್ ಪಾರ್ಶ್ವವಾಯು ಬಡಿದು, ರಸ್ತೆ ಬದಿಯ ಕೋಣೆಯಲ್ಲಿ ಮಲಗಿದಲ್ಲೇ ಇದ್ದರು. ಹಿಂದಿನ ಬಾಡಿಗೆ ಮನೆಗೆ ಒಮ್ಮೆ ಮಳೆನೀರು ನುಗ್ಗಿದಾಗ ಅವರನ್ನು ಎತ್ತಲು ಜನ ಸಿಗದೆ, ಒದ್ದೆ ಹಾಸಿಗೆಯಲ್ಲೇ ಬಿದ್ದಿದ್ದರಂತೆ. ಆ ಜ್ವರದಿಂದ ಬದುಕಿ ಬಂದದ್ದೇ ಹೆಚ್ಚು ಎಂದು ಆಂಟಿ ಹೇಳುತ್ತಿದ್ದರು. ಮನೆ ಕೊಳ್ಳುವ ಮುಂಚೆ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಇದ್ರ ನಕ್ಷೆ ಮಾಡಿದ್ದು ನೀನಂತಲ್ಲ. ಇಲ್ಲಿ ನೀರು ಬರಲ್ಲ ತಾನೆ?"

"ಬರಲ್ಲ ಆಂಟಿ," ಎಂದಿದ್ದೆ.

ಆಮೇಲೆ ಹಳೆಯ ಟಾರಿನ ಮೇಲೇ ಹೊಸ ಟಾರು ಹಾಕಿ ರಸ್ತೆ ಏರಿತು. ನಿಯಮದ ಪ್ರಕಾರವೇ ಕಟ್ಟಿದ್ದ ಅವರ ಮನೆಗೆ ಮೆಟ್ಟಿಲು ಎರಡೇ ಉಳಿದವು. ಇನ್ನು ಆ ಮನೆಯನ್ನು ಕಾಯಲು ಇದ್ದದ್ದು ತಗ್ಗಿನ ಪಾರ್ಕು ಒಂದೇ.

ಜುಲೈಯ ಒಂದು ಬೆಳಿಗ್ಗೆ ಮಳೆ ಹಿಡಿದುಕೊಂಡಿತು. ಪಾರ್ಕು ತುಂಬಿತು, ಜಾರುಬಂಡೆಯ ಅರ್ಧ ಮುಳುಗಿತು. ರಸ್ತೆಯಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ, ಆಂಟಿಯ ಮೆಟ್ಟಿಲು ಎರಡೂ ನೀರಿನಿಂದ ಮೇಲೇ ಇವೆ. ನಾನು ಕೊಡೆ ಹಿಡಿದು ನಿಂತು ನೋಡಿದೆ. ಇಷ್ಟು ವರ್ಷ ಬರೆದ ನಕ್ಷೆಗಳಲ್ಲಿ ಒಂದಾದರೂ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ತುಂಬ ಖುಷಿಯಾಯಿತು.

ಅಷ್ಟರಲ್ಲಿ ಸಂಘದ ವಾಟ್ಸಾಪ್ ಗುಂಪಿನಲ್ಲಿ ಪಾರ್ಕ್ ಮುಳುಗಿಹೋಯಿತು ಎಂದು ಹುಯಿಲೆದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರು ಡೀಸೆಲ್ ಪಂಪು ತರಿಸಿದರು. ಮೋರಿಯಿಂದ ಪಾರ್ಕಿಗೆ ನೀರು ಬೀಳುವ ಬಾಯಿಗೆ ಮರಳಿನ ಮೂಟೆ ಜಡಿಸಿ, ಪಾರ್ಕಿನ ನೀರನ್ನು ರಸ್ತೆಗೆ ಎತ್ತಿ ಹಾಕಿಸತೊಡಗಿದರು. ನಾನು ಓಡಿಹೋಗಿ ಕೂಗಾಡಿದೆ. "ಯಾವುದಾದರೂ ಮಗು ಬಿದ್ದರೆ ನೀವು ಜವಾಬ್ದಾರರಾ ಮೇಡಂಜೀ?" ಎಂದು ಹಿಂದಿಯಲ್ಲಿ ಕೇಳಿದರು. ಆ ಪ್ರಶ್ನೆ ತಪ್ಪಾಗಿರಲಿಲ್ಲ. ಪಾರ್ಕಿನ ಸುತ್ತ ಬೇಲಿ ಇರಲಿಲ್ಲ, ನಿಯಮದಲ್ಲೂ ಅದು ಇರಲಿಲ್ಲ.

ಆಗ ಆಂಟಿ ಗೇಟಿಗೆ ಬಂದರು. ಜಗಳವಾಡುತ್ತಾರೆ ಎಂದುಕೊಂಡೆ. ಅವರು ಅಧ್ಯಕ್ಷರನ್ನು ಹಿಂದಿಯಲ್ಲಿ ಕಾಫಿಗೆ ಕರೆದರು, ನನ್ನನ್ನೂ ಕರೆದರು. ಮಳೆಯಲ್ಲಿ ನೆಂದ ಮನುಷ್ಯ ಬೇಡ ಎನ್ನಲಿಲ್ಲ. ಬಿಳಿ ಬೂಟುಗಳನ್ನು ಕೆಳಗಿನ ಮೆಟ್ಟಿಲ ಮೇಲೆ ಬಿಚ್ಚಿಟ್ಟು ಒಳಗೆ ಬಂದರು.

ಅಂಕಲ್ ಅಪರಿಚಿತರನ್ನು ಕಂಡು, ಸ್ವಾಧೀನವಿದ್ದ ಕೈಯನ್ನು ನಿಧಾನವಾಗಿ ಹಣೆಗೆ ತಂದು ಸೆಲ್ಯೂಟ್ ಹೊಡೆದರು. ಅಧ್ಯಕ್ಷರು ತಬ್ಬಿಬ್ಬಾಗಿ ತಾವೂ ಕೈಯೆತ್ತಿದರು. ಆಂಟಿ ನೀರಿನ ಸುದ್ದಿಯನ್ನೇ ಎತ್ತದೆ ಕಾಫಿ ಕೊಟ್ಟರು. ನಾವು ಕುಡಿಯುತ್ತಿದ್ದಾಗ ಬಾಗಿಲಿನ ಅಡಿಯಿಂದ ನೀರು ಸದ್ದಿಲ್ಲದೆ ಒಳಗೆ ಬಂತು. ಆಂಟಿ ಬೇಗ ಎದ್ದು, ಮಡಿಚಿಟ್ಟಿದ್ದ ಹಳೆಯ ಬೆಡ್‌ಶೀಟುಗಳನ್ನು ಹೊಸ್ತಿಲಿಗೆ ಒತ್ತಿದರು. ಅಂಕಲ್ ಮಲಗಿದ್ದ ಗಾಳಿ ಹಾಸಿಗೆಯ ಮೋಟಾರನ್ನು ನೆಲದಿಂದ ಎತ್ತಿ ಕುರ್ಚಿಯ ಮೇಲಿಟ್ಟರು. ನನ್ನ ಮುಖ ನೋಡಲಿಲ್ಲ. ಬರಲ್ಲ ಆಂಟಿ ಎಂದಿದ್ದ ನಾನು ನೆಲಕ್ಕೆ ಕೂತು ಬೆಡ್‌ಶೀಟಿನ ಇನ್ನೊಂದು ತುದಿ ಒತ್ತಿದೆ.

"ಸಾಬ್‌ರನ್ನು ಎತ್ತಲಿಕ್ಕೆ ಎಷ್ಟು ಜನ ಬೇಕು?" ಎಂದು ಅಧ್ಯಕ್ಷರು ಮೆಲ್ಲಗೆ ಕೇಳಿದರು.

"ನಾಲ್ಕು. ಇಲ್ಲಿ ನಾವು ಮೂವರೇ ಇದ್ದೇವೆ," ಎಂದರು ಆಂಟಿ, ಹಿಂದಿಯಲ್ಲೇ.

ಅಧ್ಯಕ್ಷರು ಲೋಟ ಕೆಳಗಿಟ್ಟು ಹೊರಟರು. ಹೊರಗೆ ಮೆಟ್ಟಿಲು ಕಾಣಿಸುತ್ತಿರಲಿಲ್ಲ, ಬೂಟುಗಳೂ ಇರಲಿಲ್ಲ. ಅವು ತೇಲಿಕೊಂಡು ಎಲ್ಲಿಗೋ ಹೋಗಿದ್ದವು. ಅವರು ಹುಡುಕುತ್ತ ನಿಲ್ಲಲಿಲ್ಲ, ಬರಿಗಾಲಲ್ಲೇ ನೀರಿಗಿಳಿದು ಪಂಪು ಆರಿಸಿದರು. ಬಗ್ಗಿ ಮರಳಿನ ಮೂಟೆಗಳನ್ನು ತಾವೇ ಎಳೆಯತೊಡಗಿದರು. ನಾನೂ ಹೋಗಿ ಕೈಹಾಕಿದೆ. ಬಾಯಿ ಬಿಟ್ಟುಕೊಂಡ ಕೂಡಲೇ ನೀರು ಗುಳುಗುಳು ಎಂದು ಪಾರ್ಕಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಆಂಟಿಯ ಮೇಲಿನ ಮೆಟ್ಟಿಲು ಕಂಡಿತು, ಆಮೇಲೆ ಕೆಳಗಿನದು.

"ಮಣ್ಣು ತುಂಬಿಸುವುದು ಬೇಡ, ಬೇಲಿ ಹಾಕಿಸೋಣ," ಎಂದರು ಅಧ್ಯಕ್ಷರು, ನನ್ನ ಕಡೆ ನೋಡದೆ. ಗೇಟಿನ ಪಕ್ಕದ ನಲ್ಲಿಯಲ್ಲಿ ಅವರು ಕಾಲು ತೊಳೆಯುತ್ತಿದ್ದಾಗ ಆಂಟಿ ಒಳಗಿನಿಂದ ಒಂದು ಜೊತೆ ಕಪ್ಪು ಬೂಟು ತಂದರು. ಮುಖ ಕಾಣುವಷ್ಟು ಪಾಲಿಶ್ ಆಗಿತ್ತು.

"ಇದನ್ನ ಹಾಕ್ಕೊಂಡು ಹೋಗೋಕೆ ಹೇಳು," ಎಂದು ನನಗೆ ಕನ್ನಡದಲ್ಲಿ ಹೇಳಿದರು. "ವಾರ ವಾರ ಉಜ್ಜಿಡ್ತೀನಿ. ಹಾಕ್ಕೊಳ್ಳೋರು ಏಳೋದೇ ಇಲ್ಲ."

ಮೊದಲ ಮಾತನ್ನಷ್ಟೇ ನಾನು ಅಧ್ಯಕ್ಷರಿಗೆ ಹಿಂದಿಯಲ್ಲಿ ಹೇಳಿದೆ.